ಕಟ್ಟದೇ ಉಳಿದ ಕೆಂಪು ದಾರ

ಆ ಪ್ರೋಬ್ ಕೆಟ್ಟಿದೆ ಎಂಬುದು ನನಗೆ ಹಿಂದಿನ ಸಂಜೆಯೇ ಗೊತ್ತಿತ್ತು, ಶಿವಲೀಲಾ. ಗೊತ್ತಿದ್ದೂ ಅದಕ್ಕೆ ಕೆಂಪು ದಾರ ಕಟ್ಟದೆ, ಒಳ್ಳೆಯವುಗಳ ಜೊತೆಯಲ್ಲೇ ಪೆಟ್ಟಿಗೆಯಲ್ಲಿ ಇಟ್ಟು ಬಂದೆ. ಮರುದಿನ ಅದನ್ನು ಕೈಗೆತ್ತಿಕೊಳ್ಳುವವಳು ನೀನೇ ಎಂದೂ ಗೊತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ — ಇಲ್ಲದಿದ್ದರೆ ಸುತ್ತಿ ಬಳಸಿ, ನನ್ನ ಕಷ್ಟಸುಖವನ್ನೆಲ್ಲ ತೋಡಿಕೊಂಡು, ಕೊನೆಗೆ ನಿನ್ನಿಂದಲೇ ಅಯ್ಯೋ ಪಾಪ ಅನ್ನಿಸಿಕೊಂಡು ಎದ್ದು ಹೋಗುವವಳು ನಾನು. ನನ್ನ ಬುದ್ಧಿ ನನಗೆ ಗೊತ್ತು.

ನಮ್ಮ ಕೆಲಸ ಎಂಥದೆಂದು ಬೇರೆ ಯಾರಾದರೂ ಇದನ್ನು ಓದಿದರೆ ತಿಳಿಯಲಿ. ವಿಮಾನ ಮೇಲೇರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೈ ಒಂದಿಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಲೋಹ ದಣಿಯುತ್ತದೆ. ದಣಿದ ಕಡೆ, ಹೆಚ್ಚಾಗಿ ರಿವೆಟ್ಟಿನ ತೂತುಗಳ ಪಕ್ಕದಲ್ಲಿ, ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಅದಕ್ಕೇ ಇಷ್ಟು ಹಾರಾಟವಾದ ಮೇಲೆ ಇಂಥಿಂಥ ಜಾಗ ನೋಡಲೇಬೇಕು, ನೋಡದೆ ವಿಮಾನ ಬಿಡುವಂತಿಲ್ಲ ಎಂಬ ಕಡ್ಡಾಯ. ನೋಡುವುದು ಪೆನ್ನಿನಂಥ ಒಂದು ಪ್ರೋಬಿನಿಂದ. ಅದರ ವೈರು ಒಂದು ಮೀಟರಿಗೆ ಸೇರಿರುತ್ತದೆ. ಪ್ರೋಬಿನ ಮೂತಿಯನ್ನು ಲೋಹದ ಮೇಲೆ ಮೆಲ್ಲಗೆ ಎಳೆದುಕೊಂಡು ಹೋದರೆ, ಬಿರುಕಿದ್ದಲ್ಲಿ ಮೀಟರಿನ ಮುಳ್ಳು ಜಿಗಿಯುತ್ತದೆ. ಜಿಗಿಯದಿದ್ದರೆ — ಕ್ಲಿಯರ್.

ನೀನು ಬರುವ ಮೊದಲು ವಿಮಾನ ನಿಲ್ಲಿಸಿ ರಿಪೇರಿ ಮಾಡುವ ನಮ್ಮ ಹ್ಯಾಂಗರಿನಲ್ಲಿ ಆ ಕೆಲಸ ಮಾಡುತ್ತಿದ್ದ ಒಬ್ಬಳೇ ಹೆಂಗಸು ನಾನು. ಹನುಮಂತನಗರದಲ್ಲಿ ನಮ್ಮಮ್ಮ ಹಾಲಿನವನಿಗೂ ಹೇಳುತ್ತಿದ್ದಳು, ನಮ್ಮ ಪದ್ಮ ನೋಡಿ ಸರಿ ಅಂದ್ರೇನೇ ವಿಮಾನ ಮೇಲೇಳೋದು ಅಂತ. ಬಾಲದ ಒಳಭಾಗದ ಇಕ್ಕಟ್ಟಿನ ಮೂಲೆಗೆ ಗಂಡಸರ ಕೈ ಹೋಗುತ್ತಿರಲಿಲ್ಲ. ನನ್ನ ಕೈ ಹೋಗುತ್ತಿತ್ತು. ಅದಕ್ಕೆ ನನ್ನನ್ನೇ ಕರೆಯಬೇಕಾಗಿತ್ತು. ಕರೆಯಲಿ ಎಂದು ಕೂತಲ್ಲಿಂದ ಒಂದು ಗಳಿಗೆ ತಡವಾಗಿ ಏಳುವ ಚಟವೂ ನನಗಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ನೀನು ಬಂದೆ. ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗೆ ಒಂದು ಮಹಡಿ ಮನೆ, ಗಂಡನದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಮನೆಯಲ್ಲಿ ಅತ್ತೆಯ ಕೈಗೆ ಬಿಟ್ಟುಬಂದ ಪುಟ್ಟ ಮಗಳು. ನಿನ್ನ ಮಣಿಕಟ್ಟು ನನ್ನದಕ್ಕಿಂತ ಸಣ್ಣ. ಮೊದಲ ದಿನವೇ ನನ್ನ ಕಣ್ಣು ಬಿದ್ದದ್ದು ಅಲ್ಲಿಗೆ, ನಿನ್ನ ಮುಖಕ್ಕಲ್ಲ.

ಮೊದಮೊದಲು ನಾನು ಚೆನ್ನಾಗಿಯೇ ಇದ್ದೆ. ಕಂಪನಿ ಬಸ್ಸು ನಮ್ಮ ಕಡೆಯಿಂದ ಹೊರಟು ಜಯನಗರ ದಾಟಿ ಬಿಟಿಎಂಗೆ ಬರುವಷ್ಟರಲ್ಲಿ ತುಂಬಿರುತ್ತಿತ್ತು. ಪಕ್ಕದ ಸೀಟಿಗೆ ಬ್ಯಾಗಿಟ್ಟು ನಿನಗೆ ಜಾಗ ಹಿಡಿದಿರುತ್ತಿದ್ದೆ. ಮಧ್ಯಾಹ್ನ ನಿನ್ನ ಡಬ್ಬಿ ತೆರೆದರೆ ಎಲ್ಲರ ಕೈಯೂ ಶೇಂಗಾ ಚಟ್ನಿಗೆ. ನನ್ನ ಪುಳಿಯೋಗರೆಯನ್ನು ವರ್ಷಗಟ್ಟಲೆ ಹೊಗಳಿ ತಿಂದ ಜನ, ಈಗ ಅದನ್ನು ಈ ಕಡೆಗೆ ಸರಿಸಿ ನಿನ್ನ ರೊಟ್ಟಿ ಮುರಿಯುತ್ತಿದ್ದರು. ನಗಬೇಡ. ಹೊಟ್ಟೆಕಿಚ್ಚು ಶುರುವಾಗುವುದು ಇಂಥ ಅಲ್ಪ ವಿಷಯಗಳಿಂದಲೇ. ಗೌರಿ ಹಬ್ಬಕ್ಕೆ ನಿನ್ನನ್ನು ನಾನೇ ಮನೆಗೆ ಕರೆದೆ, ನೀನು ಹೋದ ಮೇಲೆ ಅಮ್ಮ ಹೇಳಿದಳು — "ಎಂಥಾ ನಗುಮುಖ ಆ ಹುಡುಗೀದು. ನೀನೂ ಇದೀಯ, ಯಾವಾಗ್ಲೂ ಮೂತಿ ಊದಿಸ್ಕೊಂಡು." ಆವತ್ತು ನಾನು ಊಟ ಮಾಡಲಿಲ್ಲ.

ಅದಕ್ಕಿಂತ ಹೆಚ್ಚಾಗಿ, ನೀನು ಕೆಲಸದಲ್ಲಿ ನನಗಿಂತ ಮೇಲಾಗಿದ್ದೆ. ಇದನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಮುಳ್ಳು ಅಲುಗಿದರೆ ಅದು ಬಿರುಕೋ ಬರೀ ಗೀರೋ ಎಂದು ತಿಳಿಯಲು ನನಗೆ ಮತ್ತೆ ಮತ್ತೆ ನೋಡಬೇಕಾಗಿತ್ತು. ನಿನಗೆ ಒಂದೇ ಸಲಕ್ಕೆ ಗೊತ್ತಾಗುತ್ತಿತ್ತು. ಚೀಫ್ ಶ್ರೀಕಂಠಯ್ಯನವರು, ನಮ್ಮ ಇನ್‌ಸ್ಪೆಕ್ಷನ್ ವಿಭಾಗದ ಮುಖ್ಯಸ್ಥರು, ನಿನ್ನ ಹಿಂದೆ ನಿಂತು ನೋಡಿ ತಲೆದೂಗುವುದನ್ನು ನಾನು ಏಣಿಯ ಮೇಲಿಂದ ನೋಡುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು, ಶಿವಲೀಲಾ.

ಆ ಸಂಜೆ ಸಾಮಾನು ಎತ್ತಿಡುವ ಸರದಿ ನನ್ನದು. ಒಂದು ಪ್ರೋಬಿನ ವೈರು ಕುತ್ತಿಗೆಯ ಹತ್ತಿರ ಬಾಗಿದಾಗ ಮುಳ್ಳು ಮಂಕಾಗಿ, ಬಿರುಕಿದ್ದರೂ ಜಿಗಿಯದಿರುವುದು ಮಧ್ಯಾಹ್ನವೇ ಗೊತ್ತಾಗಿತ್ತು. ನಮ್ಮಲ್ಲಿ ಒಂದು ಪದ್ಧತಿ ಇತ್ತಲ್ಲ — ಯಾವುದಾದರೂ ಪ್ರೋಬಿನ ಮೇಲೆ ಅನುಮಾನ ಬಂದರೆ, ಬಂದವರು ಅಲ್ಲೇ ಅದಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಡಬೇಕು. ಯಾಕೆ, ಏನು, ಯಾರು ಕೆಡಿಸಿದರು ಎಂದು ಯಾರೂ ಕೇಳುತ್ತಿರಲಿಲ್ಲ. ದಾರ ಕಂಡರೆ ಮುಟ್ಟುತ್ತಿರಲಿಲ್ಲ, ಅಷ್ಟೇ. ದಾರದ ಉಂಡೆ ಮೊಳೆಯಲ್ಲಿ ನೇತಾಡುತ್ತಿತ್ತು. ನಾನು ಒಂದು ಎಳೆ ಕತ್ತರಿಸಿಯೂ ಆಗಿತ್ತು. ಆಗ ಬೀರುವಿನ ಆಚೆ ಚೀಫ್ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು — "ನಾಳೆ ಟೇಲ್ ಸೆಕ್ಷನ್ ಶಿವಲೀಲಾಗೇ ಕೊಡಿ. ಪದ್ಮಾವತಿ ಸೆಕೆಂಡ್ ಚೆಕ್ ಮಾಡ್ಲಿ, ಸಾಕು."

ಸಾಕು. ಬಾಲದ ಆ ಮೂಲೆ ನನ್ನದಾಗಿತ್ತು. ಕತ್ತರಿಸಿದ ದಾರವನ್ನು ನನ್ನ ಪರ್ಸಿಗೆ ಹಾಕಿಕೊಂಡೆ, ಪ್ರೋಬನ್ನು ಪೆಟ್ಟಿಗೆಯಲ್ಲಿ ನಿನ್ನ ಕೈಗೆ ಮೊದಲು ಸಿಗುವ ಹಾಗೆ ಎಲ್ಲಕ್ಕಿಂತ ಮೇಲಿಟ್ಟೆ.

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಹೀಗೆ: ಬೆಳಿಗ್ಗೆ ಕೆಲಸಕ್ಕೆ ಮೊದಲು ಮೇಜಿನ ಮೇಲೆ, ಬಿರುಕಿರುವ ಮಾದರಿ ತುಂಡಿನ ಮೇಲೆ ಎಳೆದು ಪರೀಕ್ಷಿಸುವಾಗಲೇ ಅದು ಕೈಕೊಡುತ್ತದೆ, ನೀನು ನಾಲ್ಕು ಜನರ ಎದುರು ಪೇಚಾಡುತ್ತೀಯ, ನನ್ನ ಹತ್ತಿರ ಬರುತ್ತೀಯ, ನಾನು ಸರಿಮಾಡಿಕೊಡುತ್ತೇನೆ — ಬರೀ ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು ಎಂದು. ಸುಳ್ಳು. ವೈರು ಬಾಗಿದರೆ ಮಾತ್ರ ಅದು ಮಂಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಮೇಜಿನ ಮೇಲೆ ವೈರು ನೆಟ್ಟಗೆ ಮಲಗಿರುತ್ತದೆ. ಅಲ್ಲಿ ಅದು ಸರಿಯಾಗಿಯೇ ಇರುತ್ತದೆ. ಮೂಲೆಗೆ ಕೈ ಹಾಕಿದಾಗ ಮಾತ್ರ ವೈರು ಬಾಗುತ್ತದೆ. ಎಲ್ಲ ಗೊತ್ತಿತ್ತು. ಎರಡನೇ ಪರೀಕ್ಷೆ ನನ್ನದು ಎಂಬುದೂ. ಆ ಮೂಲೆಯಲ್ಲಿ ಬಿರುಕು ಇರದಿದ್ದರೆ ನನ್ನ ಈ ಕಿತಾಪತಿಯಿಂದ ಏನೂ ಆಗುತ್ತಿರಲಿಲ್ಲ. ಹಾಗಾದರೆ... ನಾನು ಬಯಸಿದ್ದೇನು? ಬಿರುಕು ಇರಲಿ ಎಂದು ಬಯಸಿದೆ. ಜನ ಕೂತು ಹೋಗುವ ವಿಮಾನದಲ್ಲಿ ಬಿರುಕು ಇರಲಪ್ಪ ದೇವರೇ ಎಂದು, ಅದನ್ನು ಹುಡುಕಿ ಜನರನ್ನು ಕಾಯಬೇಕಾದ ನಾನು, ಬಸ್ಸಿನಲ್ಲಿ ಕೂತು ಬೇಡಿಕೊಂಡೆ.

ಮರುದಿನ ನೀನು ಎಲ್ಲವನ್ನೂ ಕ್ರಮದ ಪ್ರಕಾರ ಮಾಡಿದೆ. ಮೊದಲು ಮೇಜಿನ ಮೇಲೆ ನೋಡಿಕೊಂಡೆ, ಸರಿಯಿತ್ತು. ಬೆಳಿಗ್ಗೆ ಬೇರೊಂದು ವಿಮಾನದ ಸಣ್ಣ ಕೆಲಸ ಮುಗಿಸಿದೆ. ಆಮೇಲೆ ಬಾಲದೊಳಗೆ ಹೋದೆ. ಹೊರಬಂದು ಮತ್ತೆ ಮೇಜಿನ ಮೇಲೆ ನೋಡಿದೆ, ಆಗಲೂ ಸರಿಯಿತ್ತು. ಕ್ಲಿಯರ್ ಅಂದೆ. ನಾನು ಹೊಸ ಪ್ರೋಬ್ ತೆಗೆದುಕೊಂಡು ಒಳಗೆ ನುಗ್ಗಿದೆ. ಮೂಲೆಯ ರಿವೆಟ್ಟಿನ ಪಕ್ಕದಲ್ಲಿ ಮುಳ್ಳು ಜಿಗಿಯಿತು. ಉಗುರಿನ ಅಂಚಿನಷ್ಟು ಬಿರುಕು. ನನಗಾದದ್ದು ಸಂತೋಷ. ಆ ಕತ್ತಲೆ ಗೂಡಿನಲ್ಲಿ ಮೊಣಕಾಲೂರಿಕೊಂಡು ನಾನು ನಕ್ಕೆ.

ಎರಡನೆಯವರಿಗೆ ಏನಾದರೂ ಸಿಕ್ಕರೆ ಮೊದಲು ನೋಡಿದವರನ್ನು ಮೆಲ್ಲಗೆ ಕರೆದು, ಬಾ, ಇನ್ನೊಂದು ಸಲ ನೋಡು ಅನ್ನುವುದು ನಮ್ಮವರ ರೂಢಿ. ಇಬ್ಬರೂ ಸೇರಿ ಆಮೇಲೆ ಚೀಫ್ ಹತ್ತಿರ ಹೋಗುವುದು. ನನಗೂ ಎಷ್ಟೋ ಸಲ ಹಾಗೆ ಕರೆದು ತೋರಿಸಿದ್ದರು. ನಾನು ನಿನ್ನನ್ನು ಕರೆಯಲಿಲ್ಲ. ಏಣಿಯ ಮೇಲೆ ನಿಂತು, ಇಡೀ ಹ್ಯಾಂಗರಿಗೆ ಕೇಳುವ ಹಾಗೆ ಕೂಗಿ ಹೇಳಿದೆ — "ಸಾರ್, ಇಲ್ಲಿ ಕ್ರ್ಯಾಕ್ ಇದೆ. ಶಿವಲೀಲಾ ಕ್ಲಿಯರ್ ಅಂದಿದ್ದಾರೆ."

ನೀನು ನನ್ನ ಪ್ರೋಬ್ ಹಿಡಿದು ಒಳಗೆ ಹೋದೆ. ಹೊರಗೆ ಬಂದಾಗ ನಿನ್ನ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾ ನೋಡೀನ್ರಿ ಅಕ್ಕಾರ. ಖರೇನ ನೋಡೀನಿ. ಹೆಂಗ ತಪ್ತು?" ಎಂದು ನನ್ನನ್ನೇ ಕೇಳಿದೆ. ನಾನು ನಿನ್ನ ಬೆನ್ನು ಸವರಿದೆ. ಆ ಕೈಗೆ ಏನಾಗಬೇಕಿತ್ತೋ.

ನಿನ್ನ ಪ್ರೋಬನ್ನು ಯಾರೋ ಮೇಜಿನ ಮೇಲಿಟ್ಟು ನೋಡಿದರು, ಸರಿಯಿತ್ತು. ಆದ್ದರಿಂದ ತಪ್ಪು ನಿನ್ನದೇ ಎಂದಾಯಿತು. ಎಲ್ಲರೂ ಹೋದ ಮೇಲೆ ನಾನು ಪರ್ಸಿನಿಂದ ದಾರ ತೆಗೆದು ಅದಕ್ಕೆ ಕಟ್ಟಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ — ಕೇಳದಿರುವುದು ಪದ್ಧತಿಯಲ್ಲವೇ.

ಇನ್ನೊಂದು ಉಳಿಯಿತು. ಬೆಳಿಗ್ಗೆ ಅದೇ ಪ್ರೋಬಿನಿಂದ ನೀನು ನೋಡಿದ ಇನ್ನೊಂದು ವಿಮಾನ ಅಷ್ಟರಲ್ಲಿ ಜನರನ್ನು ತುಂಬಿಕೊಂಡು ಹೊರಟುಹೋಗಿತ್ತು. ನಾನು ಬಾಯಿ ತೆರೆದಿದ್ದರೆ ಅದನ್ನು ಇಳಿದ ಕಡೆಯೇ ನಿಲ್ಲಿಸಬಹುದಾಗಿತ್ತು. ನಾನು ಮನೆಗೆ ಹೋದೆ. ಮನೆ ಹತ್ತಿರದ ರಾಮಾಂಜನೇಯ ಗುಡ್ಡ ಹತ್ತಿ, ಕತ್ತಲಾಗುವವರೆಗೂ ಬಂಡೆಯ ಮೇಲೆ ಕೂತು, ಇಳಿಯಲು ಬರುವ ವಿಮಾನಗಳನ್ನೆಲ್ಲ ನೋಡಿದೆ. ನೀನು ನೋಡಿದ್ದನ್ನೆಲ್ಲ ಮತ್ತೆ ನೋಡಬೇಕೆಂದು ಚೀಫ್ ಆಜ್ಞೆ ಮಾಡಿದ್ದರಿಂದ, ಅದು ವಾಪಸು ಬಂದಾಗ ಪರೀಕ್ಷೆಯಾಯಿತು, ಏನೂ ಇರಲಿಲ್ಲ. ಆ ವಿಮಾನದಲ್ಲಿದ್ದವರು ಯಾರ್‍ಯಾರೋ, ಯಾರ ಮಕ್ಕಳೋ. ಏನೂ ಆಗಲಿಲ್ಲ ಎಂಬುದನ್ನು ನನ್ನ ಪಾಲಿಗೆ ಜಮಾ ಮಾಡಿಕೊಳ್ಳಲಾರೆ.

ವಿಮಾನ ಪರೀಕ್ಷಿಸುವ ನಿನ್ನ ಅನುಮತಿ ರದ್ದಾಯಿತು. ಮತ್ತೆ ಪರೀಕ್ಷೆ ಬರೆದು ತೆಗೆದುಕೊಳ್ಳಬಹುದು ಎಂದರು. ನೀನು ಬರೆಯಲಿಲ್ಲ, ಕೆಲಸ ಬಿಟ್ಟೆ. ಬಿರುಕು ಹಿಡಿದದ್ದಕ್ಕೆ ನನಗೆ ಕಂಪನಿಯ ವಾರ್ಷಿಕೋತ್ಸವದಲ್ಲಿ ಹಾರ ಹಾಕಿ ಒಂದು ಪುಟ್ಟ ಬೆಳ್ಳಿ ಬಣ್ಣದ ವಿಮಾನ ಕೊಟ್ಟರು. ಅಮ್ಮ ಅದನ್ನು ಶೋಕೇಸಿನಲ್ಲಿಟ್ಟಳು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬ್ಯಾಗಿಡುವ ಅಭ್ಯಾಸ ಎಷ್ಟೋ ದಿನ ಹೋಗಲಿಲ್ಲ. ಬಿಟಿಎಂ ಬಂದಾಗ ಎತ್ತಿಕೊಳ್ಳುತ್ತಿದ್ದೆ, ಬೇರೆ ಯಾರೋ ಕೂರುತ್ತಿದ್ದರು.

ಆಮೇಲೆ ವರ್ಷಗಳೇ ಕಳೆದವು. ವಿಮಾನ ನಿಲ್ದಾಣವೇ ಊರಾಚೆ ಹೋಯಿತು. ಹೋದ ತಿಂಗಳು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೂವು ಕೊಳ್ಳುತ್ತಿದ್ದ ನನ್ನನ್ನು ಹಿಂದಿನಿಂದ ನೀನು ತಬ್ಬಿಕೊಂಡೆ. ತಲಘಟ್ಟಪುರದಲ್ಲಿ ಮನೆ ಕಟ್ಟಿಸಿದೀವಿ, ಗೃಹಪ್ರವೇಶಕ್ಕೆ ಬರಲೇಬೇಕು ಎಂದೆ. ನಾನು ಬಂದೆ. ನಿನ್ನ ಗಂಡ ಈಗ ಸ್ವಂತ ಅಂಗಡಿಯ ಮಾಲೀಕ, ಎರಡಂತಸ್ತಿನ ಮನೆ, ಮಗಳು ಸಹನಾ ನಿನ್ನಂತೆಯೇ ಸಣ್ಣ ಮಣಿಕಟ್ಟಿನವಳು. ಮಾಡಬಾರದ್ದನ್ನು ಮಾಡಿಯೂ, ಆ ಗ್ರಾನೈಟ್ ನೆಲದ ಮೇಲೆ ನಿಂತಾಗ ನನಗೆ ಮತ್ತೆ ಹೊಟ್ಟೆ ಉರಿಯಿತು. ಇದನ್ನೂ ಮುಚ್ಚಿಡುವುದಿಲ್ಲ.

ನೀನು ಬಂಧುಗಳಿಗೆಲ್ಲ ನನ್ನನ್ನು ತೋರಿಸಿ ಹೇಳಿದೆ — "ಅವತ್ತು ಪದ್ಮಕ್ಕಾರು ಇರದಿದ್ರ, ಆ ಮಂದಿ ಪಾಪ ನನ್ನ ಕೊರಳಿಗೆ ಬರ್ತಿತ್ತು." ನನಗೆ ಕುಂಕುಮ ಇಟ್ಟೆ, ಸೀರೆ ಕೊಟ್ಟೆ. ಆಮೇಲೆ ಅಡುಗೆಮನೆಯಲ್ಲಿ ಗ್ಯಾಸ್ ಆರಿಸಿ, ಮಗಳನ್ನು ಕರೆದೆ. "ಬಂದ್ ಆಗೈತೇನ ನೋಡವಾ." ಅವಳು ನೋಡಿ, ಆಗಿದೆ ಅಮ್ಮ ಅಂದಳು. ನಾನು ಕೇಳುವ ಮೊದಲೇ ನೀನು ನಕ್ಕು ಹೇಳಿದೆ, "ಅವತ್ತಿನಿಂದ ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ರಿ ಅಕ್ಕಾರ. ಬಾಗಲ ಹಾಕಿದ್ರೂ ಇನ್ನೊಬ್ರು ನೋಡಬೇಕು."

ಸಹನಾ ಪಿಯುಸಿ ಮುಗಿಸಿದ್ದಾಳೆ. ವಿಮಾನ ನಿರ್ವಹಣೆಯ ಕೋರ್ಸಿಗೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ, ಸೀಟೂ ಸಿಕ್ಕಿದೆ, ನೀನು ಬೇಡವೆನ್ನುತ್ತಿದ್ದೀಯ. ನನ್ನನ್ನು ಮೂಲೆಗೆ ಕರೆದು ಕೈ ಹಿಡಿದುಕೊಂಡೆ — "ಅಕಿದೂ ನನ್ನಂಥಾ ಕೈ ಅಕ್ಕಾರ. ತಪ್ಪಿದ್ರ ಏನ್ ಗತಿ? ನೀವು ದೊಡ್ಡವ್ರು, ನೀವು ಬ್ಯಾಡ ಅಂದ್ರ ಕೇಳ್ತಾಳ. ಐತವಾರ ಬಂದು ಒಂದ್ ಮಾತು ಹೇಳ್ರಿ." ಆಗಲಿ ಅಂದೆ ನಾನು. ಸೀರೆ ತೆಗೆದುಕೊಂಡು ಬಂದೆ.

ಅದಕ್ಕೇ ಇದನ್ನು ಬರೆಯುತ್ತಿರುವುದು — ಎದುರು ಕೂತಾಗ ನನ್ನ ನಾಲಿಗೆ ಹೊರಳದಿದ್ದರೆ ಕೊಟ್ಟುಬಿಡಲು. ಸೋಮವಾರ ಕೆಲಸಕ್ಕೆ ಹೋಗಿ ಈಗಿನ ಚೀಫ್ ಮುಂದೆಯೂ ಹೇಳುತ್ತೇನೆ. ನಿವೃತ್ತಿಗೆ ಇನ್ನು ಹೆಚ್ಚು ತಿಂಗಳು ಉಳಿದಿಲ್ಲ. ಅವರು ಏನು ಮಾಡುತ್ತಾರೋ ಮಾಡಲಿ. ಆ ಪುಟ್ಟ ವಿಮಾನವನ್ನು ಶೋಕೇಸಿನಿಂದ ತೆಗೆದಿದ್ದೇನೆ. ಕ್ಷಮೆ ಕೇಳುವುದಿಲ್ಲ, ಶಿವಲೀಲಾ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಆಗ ನನಗೆ ಅದಕ್ಕೂ ಹೊಟ್ಟೆಕಿಚ್ಚಾಗುತ್ತದೆ.

ಭಾನುವಾರ ಬರುತ್ತೇನೆ. ಸೀರೆ ವಾಪಸು ತರುತ್ತೇನೆ. ಸಹನಾಳನ್ನೂ ಪಕ್ಕದಲ್ಲಿ ಕೂರಿಸಿಕೋ. ನೀನು ಕೇಳಿದ ಹಾಗೆ ಅವಳಿಗೆ ಒಂದು ಮಾತು ಹೇಳುತ್ತೇನೆ: ಹೋಗಿ ಸೇರಮ್ಮ, ನಿನ್ನ ಅಮ್ಮನ ಕೈ ಯಾವತ್ತೂ ತಪ್ಪಿರಲಿಲ್ಲ.