ಗಾಯಾಳುವಿನ ಪಾತ್ರ

ಅಂಗಡಿ ಮುಚ್ಚಿದ ಮೇಲೆ ಆ ಮುದಿ ದರ್ಜಿ, ಸೇನೆಯ ವೈದ್ಯ ಸಹಾಯಕರ ತರಬೇತಿಯಲ್ಲಿ ಗಾಯಾಳುವಿನ ಪಾತ್ರ ಮಾಡುತ್ತಿದ್ದರು. ತೊಡೆಗೆ ಕೆಂಪು ಬಣ್ಣ ಬಳಿದುಕೊಂಡು ಬಯಲಲ್ಲಿ ಬಿದ್ದು ನರಳಬೇಕು, ಅಷ್ಟೆ. ಆ ದಿನ ಬಂದ ಹುಡುಗಿ ರಕ್ತ ನಿಲ್ಲಿಸುವ ಪಟ್ಟಿ ಬಿಗಿಯುತ್ತಾ, ಅವರಿಗೆ ಎಚ್ಚರ ತಪ್ಪದಿರಲೆಂದು ಮಾತಿಗೆಳೆದಳು.

"ಮನೇಲಿ ಯಾರ್ಯಾರಿದ್ದಾರೆ, ಅಂಕಲ್?"

ಹೆಂಡತಿ, ಇಬ್ಬರು ಮಕ್ಕಳು ಎನ್ನಬೇಕೆಂದು ತರಬೇತುದಾರ ಹೇಳಿಕೊಟ್ಟಿದ್ದ. ಆದರೆ ಬಾಯಿಗೆ ಬಂದದ್ದು ನಿಜ ಸಂಗತಿ. "ಯಾರೂ ಇಲ್ಲಮ್ಮ. ಅವಳು ಹೋಗಿ ಆರು ವರ್ಷ ಆಯ್ತು."

ಹುಡುಗಿಯ ಕೈ ನಿಂತುಬಿಟ್ಟಿತು.

"ನಿನ್ನ ಗಾಯಾಳು ಸತ್ತ!" ಎಂದು ತರಬೇತುದಾರ ಗದರಿದ.

"ತಪ್ಪು ನಂದು ಸಾರ್, ಇನ್ನೊಂದು ಸಲ ಮಾಡೋಕೆ ಬಿಡಿ," ಎಂದು ದರ್ಜಿ ಅಂಗಲಾಚಿದರು.

ಎರಡನೇ ಸಲ ಹೆಂಡತಿ ಮಕ್ಕಳ ಕತೆಯನ್ನು ಒಪ್ಪವಾಗಿ ಹೇಳಿದರು. ಹುಡುಗಿ ಹೊತ್ತಿಗೆ ಸರಿಯಾಗಿ ಪಟ್ಟಿ ಬಿಗಿದು, ಮುಂದಿನ ಗಾಯಾಳುವಿನತ್ತ ಓಡಿದಳು. ಸೀಟಿ ಊದುವವರೆಗೆ ಅವರು ಒಬ್ಬರೇ ಆಕಾಶ ನೋಡುತ್ತಾ ಬಿದ್ದುಕೊಂಡಿದ್ದರು.