ಪೆಡಲಿನ ಮೇಲೆ ಕಲಿತ ಕೀರ್ತನೆಗಳು

ಟೈಲರಕ್ಕ ಕೀರ್ತನೆಗಳನ್ನೆಲ್ಲ ಕಲಿತದ್ದು ಹೊಲಿಗೆ ಮಿಷನ್ನಿನ ಮುಂದೆ ಕೂತು. ಕೈ ಬಟ್ಟೆಯ ಮೇಲೆ, ಕಾಲು ಪೆಡಲಿನ ಮೇಲೆ, ಬಾಯಲ್ಲಿ ಹಾಡು. ಕಾಲಿಗೆ ಹುರುಪು ಬಂದರೆ ಹಾಡಿಗೂ ಹುರುಪು. ದಿಂಬಿನ ಚೀಲದಂಥ ನೇರ ಹೊಲಿಗೆ ಸಿಕ್ಕ ದಿನವಂತೂ ಎಂಥ ಗಂಭೀರ ಕೀರ್ತನೆಯೂ ಬಸ್ಸು ಹಿಡಿಯಲು ಹೊರಟವರಂತೆ ಓಡುತ್ತಿತ್ತು. ಭಾನುವಾರ ಚರ್ಚಿನಲ್ಲಿ ಹಾಡು ಎತ್ತಿಕೊಡುವವಳೂ ಅವಳೇ. ಅಲ್ಲಿ ಮಿಷನ್ನು ಇಲ್ಲ ನಿಜ, ಆದರೆ ಅದು ಕಾಲಿಗೆ ಗೊತ್ತಾಗಬೇಕಲ್ಲ. ಬೆಂಚಿನ ಕೆಳಗೆ ಅದು ತನ್ನ ಪಾಡಿಗೆ ತುಳಿಯುತ್ತಿತ್ತು, ಸಭೆ ಏದುಸಿರು ಬಿಡುತ್ತ ಹಿಂದೆ ಬರುತ್ತಿತ್ತು.

ಹಳೆಯ ಪಾಸ್ಟರಿಗೆ ಕಿವಿ ಮಂದ, ಆದ್ದರಿಂದ ಎಲ್ಲ ಸುಸೂತ್ರವಾಗಿತ್ತು. ಅವರ ಜಾಗಕ್ಕೆ ಬಂದವರು ಚಿಕ್ಕ ವಯಸ್ಸಿನವರು, ಮುಖ ಗಂಭೀರ, ಕಿವಿ ಚುರುಕು. ಕೆಲವು ವಾರ ಹಲ್ಲು ಕಚ್ಚಿ ಸಹಿಸಿದರು. ಆಮೇಲೆ ಒಂದು ದಿನ ಆರಾಧನೆ ಮುಗಿದದ್ದೇ ಅವಳನ್ನು ಬಾಗಿಲ ಬಳಿ ನಿಲ್ಲಿಸಿದರು.

"ಅಕ್ಕಾ, ಪಾಪ ಕ್ಷಮಿಸು ಅಂತ ಬೇಡೋ ಹಾಡನ್ನ ಹೀಗೆ ಕುಣಿಸಿದ್ರೆ, ನಾವು ಪಾಪ ಮಾಡಿ ಖುಷಿಯಾಗಿದ್ದೀವಿ ಅಂದ್ಕೊಳ್ತಾನೆ ದೇವರು. ಮುಂದಿನ ಭಾನುವಾರ ನಿಧಾನಕ್ಕೆ ಎತ್ಕೊಡಿ. ಆಗಲ್ಲ ಅಂದ್ರೆ ಬೇರೆಯವರು ಮಾಡ್ಲಿ. ಭಕ್ತಿಗೆ ಸ್ವಲ್ಪ ತೂಕ ಬೇಕು."

ಬೇರೆಯವರು ಎಂದದ್ದನ್ನು ಹೇಗೋ ನುಂಗಿಕೊಂಡಳು. ತೂಕದ ಮಾತು ಮಾತ್ರ ಮನೆಯವರೆಗೂ ಚುಚ್ಚುತ್ತ ಬಂತು. ಗಂಡ ತೀರಿಕೊಂಡ ಮೇಲೆ ಅವಳು ಬಹಳ ಕಾಲ ಬಾಯಿ ಮುಚ್ಚಿಕೊಂಡೇ ಹೊಲಿದವಳು. ಒಂದು ಬೆಳಿಗ್ಗೆ ಪಕ್ಕದ ಮನೆಯ ಕೂಸಿನ ದೀಕ್ಷಾಸ್ನಾನದ ಅಂಗಿಗೆ ಲೇಸು ಕೂಡಿಸುತ್ತಿದ್ದಾಗ, ಕರೆಯದೆ, ಹೇಳದೆ, ಹಾಡು ಬಂದುಬಿಟ್ಟಿತು. ಹೀಗೆ ಸಂತೋಷಪಡಬಹುದೇ ಎಂದು ಹೆದರಿ ಕಾಲು ನಿಲ್ಲಿಸಿದಳು. ಹಾಡು ನಿಲ್ಲಲಿಲ್ಲ. ಇದು ನಾನು ಮಾಡಿಕೊಂಡದ್ದಲ್ಲ, ಪ್ರಭು ಕೊಟ್ಟದ್ದು ಎಂದುಕೊಂಡು ಮತ್ತೆ ತುಳಿದಳು. ಆ ಕೊಟ್ಟದ್ದಕ್ಕೇ ಈಗ ತೂಕವಿಲ್ಲವೆಂದರೆ ಯಾರನ್ನು ಕೇಳುವುದು?

ಆದರೂ ಹಾಡು ಎತ್ತಿಕೊಡುವುದನ್ನು ಬಿಡಲು ಅವಳಿಂದಾಗದು. ಒಂದು ಉಪಾಯ ಹೊಳೆಯಿತು. ದಪ್ಪ ಕ್ಯಾನ್ವಾಸಿನ ಚೀಲಗಳ ಕೆಲಸ ಹಿಡಿದಳು. ಸೂಜಿ ತಿಣುಕುತ್ತ ಇಳಿಯಬೇಕು, ಕಾಲು ತಾನಾಗಿ ನಿಧಾನವಾಗಬೇಕು, ಅದರ ಹಿಂದೆ ಹಾಡೂ.

ಮಂಚದ ಮೇಲೆ ಕೂತು ಗುಂಡಿ ಹಾಕುತ್ತಿದ್ದ ಅತ್ತೆ ಕನ್ನಡಕ ಏರಿಸಿ ನೋಡಿದರು. "ಏನಮ್ಮಾ, ಇವತ್ತು ನಿನ್ನ ಹಾಡು ಎಮ್ಮೆ ಮೇಲೆ ಕೂತ್ಕೊಂಡು ಬರ್ತಿದೆ?"

"ತೂಕ ಬರಿಸ್ತಾ ಇದ್ದೀನಿ ಅತ್ತೆ."

"ಬಂದಿದೆ, ಬಂದಿದೆ. ನನಗೆ ನಿದ್ದೆನೂ ಬಂದಿದೆ."

ವಾರವಿಡೀ ಸೂಜಿಗಳು ಮುರಿದವು, ಅತ್ತೆ ಆಕಳಿಸಿದರು, ಹಾಡು ಪಳಗಿತು.

ಭಾನುವಾರ ಟೈಲರಕ್ಕ ಎದ್ದು ನಿಂತಳು. ಒಂದು ಪಾದದ ಮೇಲೆ ಇನ್ನೊಂದು ಪಾದವಿಟ್ಟು ಒತ್ತಿ ಹಿಡಿದಳು. ಮೊದಲ ಸಾಲು ಎಷ್ಟು ಗಂಭೀರವಾಗಿ ಬಂತೆಂದರೆ ಪಾಸ್ಟರು ಕಣ್ಣು ಮುಚ್ಚಿ ತಲೆದೂಗಿದರು. ಸಭೆಯೂ ಹೇಗೋ ತಡೆದುಕೊಂಡು ಹಿಂದೆ ಬಂತು. ಎರಡನೆಯ ಸಾಲಿಗೆ ಅಂಚೆಯಣ್ಣನಿಗೆ ತಡೆಯಲಾಗಲಿಲ್ಲ, ಅರ್ಧ ಹೆಜ್ಜೆ ಮುಂದೆ ಹೋದ. ಅವನನ್ನು ಹಿಡಿಯಲೆಂದು ದಾದಿಯಮ್ಮ ಹೊರಟಳು. ಪಲ್ಲವಿಗೆ ಬರುವಷ್ಟರಲ್ಲಿ ಇಡೀ ಚರ್ಚು ಲಗಾಮು ಕಿತ್ತುಕೊಂಡು ಓಡುತ್ತಿತ್ತು. ಇಷ್ಟು ವರ್ಷ ಪಾತ್ರೆ ತಿಕ್ಕುವಾಗ, ಮೆಟ್ಟಿಲು ಹತ್ತುವಾಗ, ಮಗು ತೂಗುವಾಗ ಅವರೆಲ್ಲ ಹಾಡಿಕೊಂಡದ್ದು ಅದೇ ಓಟದಲ್ಲಿ. ಅವರಿಗೆ ಬೇರೆ ಬರುವುದೆಲ್ಲಿ?

ಟೈಲರಕ್ಕ ಮಾತ್ರ ಪಾಸ್ಟರ ಮಾತು ಮೀರದೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬರುತ್ತಿದ್ದಳು. ಸಭೆ ಮೊದಲ ಚರಣದ ಕೊನೆಯ "ಆಮೆನ್" ಮುಟ್ಟಿ ನಿಂತಾಗ ಅವಳಿನ್ನೂ ಪಲ್ಲವಿಯ ಬಾಗಿಲಲ್ಲಿ "ಕರುಣಿಸು" ಎಂದು ಒಬ್ಬಳೇ ಎಳೆಯುತ್ತಿದ್ದಳು. ತಲೆಯೆತ್ತಿ ನೋಡಿದರೆ ಪಾಸ್ಟರ ಬಾಯಿಯೂ ಆಮೆನ್ನಿನ ಆಕಾರದಲ್ಲೇ ಇತ್ತು, ಕೈ ಮೇಜಿನ ಮೇಲೆ ತಾಳ ಹಾಕಿ ಸಿಕ್ಕಿಬಿದ್ದಿತ್ತು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಾಸ್ಟರು ತುಟಿ ಬಿಗಿದರು, ಭುಜ ಕುಲುಕಿತು, ಆಮೇಲೆ ನಗು ಅವರ ಕೈಮೀರಿತು. ಅವರು ನಕ್ಕದ್ದನ್ನು ಸಭೆ ಅದೇ ಮೊದಲು ನೋಡಿತು.

"ಅಕ್ಕಾ," ಎಂದರು ಕಣ್ಣೊರೆಸಿಕೊಳ್ಳುತ್ತ, "ನಾನೂ ಓಡ್ಬಿಟ್ಟೆ. ಎರಡನೇ ಚರಣ ನಿಮಗೆ ಬಂದ ಹಾಗೇ ಎತ್ಕೊಡಿ. ನೀವಿಲ್ದೆ ಇವರನ್ನ ಹಿಡಿಯೋದು ನನ್ನಿಂದಾಗಲ್ಲ."

ಅಷ್ಟರಲ್ಲಿ ಟೈಲರಕ್ಕನ ಪಕ್ಕದಲ್ಲಿ ಅತ್ತೆ ಏದುಸಿರು ಬಿಡುತ್ತಿರುವುದು ಅವಳ ಗಮನಕ್ಕೆ ಬಂತು. ಮಗ ಹೋದಂದಿನಿಂದ ಚರ್ಚಿನಲ್ಲಿ ತುಟಿ ಬಿಚ್ಚದ ಅತ್ತೆ. ಮುಖ ಕೆಂಪಾಗಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ನೀವೂ ಹಾಡಿದ್ರಾ ಅತ್ತೆ?"

"ಇನ್ನೇನು ಮಾಡ್ಲಿ, ನೀನು ಎಳೀತಾ ಇದ್ದೆ," ಎಂದರು ಅತ್ತೆ. "ಬೇಗ ಎತ್ಕೊಡು. ಬಾಯಿ ಆರೋಗತ್ತೆ."

ಟೈಲರಕ್ಕ ಪಾದ ಬಿಡಿಸಿಕೊಂಡು ಬಾಯಿ ತೆರೆದಳು. ಸ್ವರದ ಬದಲು ನಗು ಬಂತು, ನಗುವಿನ ಜೊತೆ ಅಳು ಬಂತು, ಸಭೆಯೆಲ್ಲ ಅವಳಿಗಾಗಿ ಕಾಯುತ್ತ ನಿಂತಿತು. ಕಾಯಲಾರದೆ ಎರಡನೇ ಚರಣ ಎತ್ತಿಕೊಂಡವರು ಅತ್ತೆ.