ಹೇಳದೆ ಬಂದ ನೀರು

ನೀರು ಮೊದಲು ಮಣ್ಣು ಕದಡಿ ಕೆಂಪಾಯಿತೋ, ಅತ್ತೆ ಮೊದಲು ಕೂಗಿದರೋ, ನನಗೆ ಖಚಿತವಿಲ್ಲ. ನಾವು ಪ್ರವಾಸ ಹೋಗಿದ್ದ ದಟ್ಟ ಕಾಡಿನೊಳಗಿನ ಜಲಪಾತದ ಕೆಳಗೆ, ಪಾಲಹಳ್ಳಿಯ ನನ್ನ ಮಾವ ನಡುಹೊಳೆಯ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಹೊಳೆ ಏರಬಹುದು, ಬನ್ನಿ ಎಂದೆ.

"ಏರೋದಾದ್ರೆ ಸೈರನ್ ಕೂಗಾಕಿಲ್ವೇನ್ಲಾ? ಓದಿ ಓದಿ ಪುಕ್ಕಲ ಆಗ್ಬುಟ್ಟೆ ಕಣ್ಲಾ!" ಎಂದು ನಕ್ಕರು.

ನಮ್ಮ ಪಾಲಹಳ್ಳಿ ಕಡೆ ಅಣೆಕಟ್ಟೆಯಿಂದ ನೀರು ಬಿಡುವ ಮುನ್ನ ಸೈರನ್ ಕೂಗಿಸುತ್ತಾರೆ. ಅವರು ಕಂಡ ನೀರೆಲ್ಲ ಹೇಳಿಯೇ ಬರುತ್ತಿತ್ತು.

"ಎದ್ದು ಬನ್ನಿ ಅಂತೀನಿ!" ಅತ್ತೆ ದಡದಿಂದ ಕೂಗಿದರು. ಅಷ್ಟರಲ್ಲಿ ಬಂಡೆಯೇ ಕಾಣಲಿಲ್ಲ. ದಡದಲ್ಲಿ ಆಗಲೂ ಬಿಸಿಲಿತ್ತು ಎಂಬ ನೆನಪು.

ಮರುದಿನ ಕೆಳಗಿನ ಬಿದಿರುಮೆಳೆಯಲ್ಲಿ ಮಾವನ ದೇಹ ಸಿಕ್ಕಿತು. ಬಿಸಿಲಲ್ಲಿ ಹೊಳೆ ಹೇಗೆ ಉಕ್ಕಿತೆಂದು ಅತ್ತೆ ಇನ್ನೂ ಕೇಳುತ್ತಾರೆ. ಆಮೇಲೆ ವಿಚಾರಿಸಿ ಖಚಿತಪಡಿಸಿಕೊಂಡೆ: ಮೇಲಿನ ಬೆಟ್ಟದಲ್ಲಿ ಅಂದು ಬೆಳಗಿನಿಂದಲೇ ಮಳೆ ಸುರಿಯುತ್ತಿತ್ತು.